ಅರಸನ ಗುರುವಾದ ಕೊಳಲುಗಾರ

ಸಂಗೀತದ ಚರಿತ್ರೆಯು ಬಹುಮಟ್ಟಿಗೆ ಕೃತಿಕಾರರ ಚರಿತ್ರೆ. ಕೃತಿಯನ್ನು ರಚಿಸಿದವನ ಹೆಸರು ಕೃತಿಯೊಡನೆ ಉಳಿದು ಬರುತ್ತದೆ. ಅದನ್ನು ನುಡಿಸಿದವನ ಹೆಸರು ನಾದದೊಡನೆಯೇ ಗಾಳಿಯಲ್ಲಿ ಲೀನವಾಗಿ ಹೋಗುತ್ತದೆ. ಅದರಲ್ಲಿಯೂ ಹತ್ತಾರು ಮಂದಿ ಒಟ್ಟಿಗೆ ಕುಳಿತು ನುಡಿಸುವ ಪಾಶ್ಚಾತ್ಯ ವಾದ್ಯವೃಂದದಲ್ಲಿ ಒಬ್ಬ ಕೊಳಲುಗಾರನ ಬಾಳು ಎಂತಹುದಾಗಿದ್ದಿತು, ಅವನು ಯಾರಲ್ಲಿ ಕಲಿತನು, ಎಷ್ಟು ಸಂಬಳ ಪಡೆದನು, ಯಾರ ಅಪ್ಪಣೆಗೆ ತಲೆಬಾಗಿದನು ಎಂಬ ವಿವರಗಳು ದೊರೆಯುವುದು ಅಪೂರ್ವ. ಹಾಗೆ ದೊರೆಯುವ ಕೆಲವೇ ಬಾಳುಗಳಲ್ಲಿ ಯೋಹಾನ್ ಯೋಆಕಿಮ್ ಕ್ವಾಂಟ್ಸ್ ಎಂಬ ಜರ್ಮನ್ ವಾದಕನದು ಒಂದು. ಕಮ್ಮಾರನ ಮಗನಾಗಿ ಹುಟ್ಟಿ, ಊರ ವಾದ್ಯಗಾರರ ಮೇಳದಲ್ಲಿ ದುಡಿದು, ಡ್ರೆಸ್ಡನ್ ನಗರದ ಹೆಸರಾಂತ ವಾದ್ಯವೃಂದವನ್ನು ಸೇರಿ, ಕೊನೆಗೆ ಪ್ರಷ್ಯದ ಮಹಾ ಫ್ರೆಡರಿಕ್ ದೊರೆಗೆ ಗುರುವಾದ ಈತನು ತನ್ನ ಬಾಳಿನ ವೃತ್ತಾಂತವನ್ನು ತಾನೇ ಬರೆದಿಟ್ಟಿದ್ದಾನೆ.

ನಮ್ಮ ನಾಡಿನ ಸಂಗೀತವೂ ಬಹುಕಾಲ ಅರಮನೆಗಳ ನೆರಳಿನಲ್ಲಿ ಬೆಳೆಯಿತು. ಆಸ್ಥಾನ ವಿದ್ವಾಂಸ ಎಂಬ ಮಾತು ನಮಗೆಲ್ಲರಿಗೂ ಪರಿಚಿತವಾದುದು. ರಾಜಾಶ್ರಯವು ಕಲಾವಿದನಿಗೆ ಏನನ್ನು ಕೊಡುತ್ತದೆ, ಅದಕ್ಕೆ ಪ್ರತಿಯಾಗಿ ಅವನಿಂದ ಏನನ್ನು ಪಡೆಯುತ್ತದೆ ಎಂಬ ಪ್ರಶ್ನೆಯೂ ನಮಗೆ ಹೊಸದಲ್ಲ. ಕ್ವಾಂಟ್ಸನ ಬಾಳು ಆ ಪ್ರಶ್ನೆಗೆ ಲೆಕ್ಕಪತ್ರದಷ್ಟು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಅದನ್ನು ಮೊದಲಿನಿಂದ ನೋಡೋಣ.

ಕ್ವಾಂಟ್ಸನು ೧೬೯೭ರ ಜನವರಿ ೩೦ರಂದು ಗಟ್ಟಿಂಗೆನ್ ನಗರದ ಬಳಿಯ ಓಬರ್‌ಶೇಡೆನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಕುಲುಮೆಯ ಕೆಲಸದವನು. ಮಗನೂ ಕಮ್ಮಾರನೇ ಆಗಬೇಕೆಂಬುದು ತಂದೆಯ ಬಯಕೆ; ಹುಡುಗನು ಸುತ್ತಿಗೆ ಹಿಡಿಯಲು ಆರಂಭಿಸಿಯೂ ಇದ್ದನು. ಆದರೆ ಅವನಿಗೆ ಹತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡನು. ತಂದೆಯ ಸೋದರನೊಬ್ಬನು ಮೆರ್ಸೆಬುರ್ಗ್ ಪಟ್ಟಣದ ವಾದ್ಯಗಾರನಾಗಿದ್ದು ಈ ಅನಾಥನನ್ನು ಕರೆದುಕೊಂಡು ಹೋದನು. ಮೂರೇ ತಿಂಗಳಲ್ಲಿ ಅವನೂ ತೀರಿಕೊಂಡನು. ಅವನ ಸ್ಥಾನಕ್ಕೆ ಬಂದ ಫ್ಲೈಶ್‌ಹಾಕ್ ಎಂಬಾತನ ಕೈಕೆಳಗೆ ಹುಡುಗನ ಶಿಷ್ಯವೃತ್ತಿ ಮುಂದುವರಿಯಿತು.

ಆ ಕಾಲದ ಜರ್ಮನ್ ಪಟ್ಟಣಗಳಲ್ಲಿ ಊರ ವಾದ್ಯಗಾರರ ಮೇಳವೆಂಬುದು ಬಡಗಿ, ಅಕ್ಕಸಾಲಿಗಳ ಕೂಟದಂತೆ ಒಂದು ಕಸಬಿನ ಕೂಟ. ಮದುವೆಗೆ ಬಾರಿಸುವುದು, ದೇವಾಲಯದ ಪೂಜೆಗೆ ಊದುವುದು, ಊರಿಗೆ ದೊಡ್ಡವರು ಬಂದಾಗ ಎದುರುಗೊಳ್ಳುವುದು, ಎಲ್ಲವೂ ಅವರ ಹೊಣೆ. ಆದ್ದರಿಂದ ಶಿಷ್ಯನಾದವನು ಒಂದು ವಾದ್ಯವನ್ನು ಕಲಿತರೆ ಸಾಲದು; ಕೈಗೆ ಕೊಟ್ಟುದನ್ನೆಲ್ಲ ನುಡಿಸಬೇಕು. ಐದು ವರ್ಷಗಳಿಗೂ ಮೀರಿದ ಆ ದುಡಿಮೆಯಲ್ಲಿ ಕ್ವಾಂಟ್ಸನು ಪಿಟೀಲು, ಓಬೋ, ತುತ್ತೂರಿ, ಕೊಂಬು, ಟ್ರಾಂಬೋನ್, ಬಸೂನ್, ಸೆಲ್ಲೊ ಮೊದಲಾದ ಹತ್ತಕ್ಕೆ ಕಡಮೆಯಿಲ್ಲದ ವಾದ್ಯಗಳನ್ನು ಕಲಿತನು. ಕುತೂಹಲದ ಸಂಗತಿಯೇನೆಂದರೆ, ಮುಂದೆ ಅವನಿಗೆ ಕೀರ್ತಿ ತಂದ ಅಡ್ಡಕೊಳಲು ಈ ಪಟ್ಟಿಯಲ್ಲಿ ಇಲ್ಲ.

೧೭೧೬ರಲ್ಲಿ ಅವನು ಡ್ರೆಸ್ಡನ್ ನಗರದ ಊರ ಮೇಳವನ್ನು ಸೇರಿದನು. ಡ್ರೆಸ್ಡನ್ ಸ್ಯಾಕ್ಸನಿಯ ರಾಜಧಾನಿ. ಅಲ್ಲಿನ ಒಡೆಯನಾದ ಅಗಸ್ಟಸನು ಪೋಲೆಂಡಿನ ದೊರೆಯೂ ಆಗಿದ್ದನು. ಅವನ ಅರಮನೆಯ ವಾದ್ಯವೃಂದವು ಯೂರೋಪಿನಲ್ಲಿಯೇ ಹೆಸರಾಗಿದ್ದಿತು. ಅದನ್ನು ಕೇಳಿದ ಮೇಲೆಯೇ ಸ್ವರಗಳನ್ನು ಬರೆದಂತೆ ನುಡಿಸಿಬಿಟ್ಟರೆ ಸಂಗೀತವಾಗದು ಎಂಬ ಅರಿವು ಈ ತರುಣನಲ್ಲಿ ಮೂಡಿತು. ೧೭೧೮ರಲ್ಲಿ ಅಗಸ್ಟಸನು ಪೋಲೆಂಡಿಗಾಗಿ ಕಟ್ಟಿದ ಬೇರೊಂದು ಚಿಕ್ಕ ವಾದ್ಯವೃಂದದಲ್ಲಿ ಕ್ವಾಂಟ್ಸನಿಗೆ ಓಬೋ ವಾದಕನ ಕೆಲಸ ದೊರೆಯಿತು. ಕೆಲಸವೇನೋ ದೊರೆಯಿತು, ಮುಂದಿನ ದಾರಿ ಕಾಣಲಿಲ್ಲ. ಓಬೋ ವಾದಕರಲ್ಲಿ ತನಗಿಂತ ಮೊದಲು ಸೇರಿದವರು ಇದ್ದರು. ಅವರನ್ನು ದಾಟಿ ಮೇಲೇರುವಂತಿರಲಿಲ್ಲ. ಆದುದರಿಂದ ೧೭೧೯ರಲ್ಲಿ ಅವನು ಅಡ್ಡಕೊಳಲನ್ನು ಕೈಗೆತ್ತಿಕೊಂಡು, ಡ್ರೆಸ್ಡನ್ ಆಸ್ಥಾನದ ಫ್ರೆಂಚ್ ಕೊಳಲುಗಾರ ಬುಫಾರ್ಡಿನನಲ್ಲಿ ಸುಮಾರು ನಾಲ್ಕು ತಿಂಗಳು ಪಾಠ ಹೇಳಿಸಿಕೊಂಡನು. ಒಂದು ದೊಡ್ಡ ಕಲಾಜೀವನವು ಬಡ್ತಿಯ ಚಿಂತೆಯಿಂದ ಆರಂಭವಾಯಿತೆಂದು ಕೇಳಿ ಯಾರಾದರೂ ನಕ್ಕಾರು. ಆದರೆ ಸಂಬಳದ ಮೇಲೆ ಬಾಳುವ ವಾದಕನಿಗೆ ಅದು ಹೊಟ್ಟೆಯ ಪ್ರಶ್ನೆ. ಹೊಟ್ಟೆಯ ಪ್ರಶ್ನೆಯಿಂದ ಹೊರಟು ಕಲೆಯ ತುದಿಯನ್ನು ಮುಟ್ಟಿದವರು ಎಲ್ಲ ನಾಡುಗಳಲ್ಲಿಯೂ ಇದ್ದಾರೆ.

ಅವನು ಆರಿಸಿಕೊಂಡ ವಾದ್ಯವು ಅಷ್ಟು ಸುಲಭವಾದುದಾಗಿರಲಿಲ್ಲ. ಆಗಿನ ಐರೋಪ್ಯ ಅಡ್ಡಕೊಳಲು ಮರದ್ದು. ಬೆರಳುಗಳಿಗೆ ಆರು ರಂಧ್ರಗಳು, ಕಿರುಬೆರಳಿನಿಂದ ಒತ್ತಿದರೆ ತೆರೆದುಕೊಳ್ಳುವ ಒಂದು ಲೋಹದ ಮುಚ್ಚಳ, ಇಷ್ಟೇ ಅದರ ಸಾಧನ. ನಮ್ಮ ಕೊಳಲುಗಾರನು ಆಧಾರಷಡ್ಜವನ್ನು ಒಮ್ಮೆ ಹಿಡಿದರೆ ಕಚೇರಿ ಮುಗಿಯುವವರೆಗೂ ಅದನ್ನು ಬಿಡುವುದಿಲ್ಲ. ರಂಧ್ರವನ್ನು ಅರ್ಧ ಮುಚ್ಚಿಯೋ ತುಸು ತೆರೆದೋ ಬೇಕಾದ ಸ್ವರಸ್ಥಾನವನ್ನು ಮುಟ್ಟುತ್ತಾನೆ. ಐರೋಪ್ಯ ಸಂಗೀತದಲ್ಲಿ ಒಂದೇ ಕೃತಿಯೊಳಗೆ ಆಧಾರಸ್ವರವೇ ಮತ್ತೆ ಮತ್ತೆ ಸ್ಥಳ ಬದಲಿಸುತ್ತದೆ. ಆಗ ಆರು ರಂಧ್ರದ ಕೊಳಲಿನಲ್ಲಿ ಕೆಲವು ಸ್ವರಗಳು ನಿರ್ಮಲವಾಗಿಯೂ ಕೆಲವು ಮಂಕಾಗಿಯೂ ಶ್ರುತಿ ತಪ್ಪಿಯೂ ಕೇಳಿಸುವುವು. ಅವುಗಳನ್ನು ತುಟಿಯ ಅಳತೆಯಿಂದಲೂ ಉಸಿರಿನ ಹದದಿಂದಲೂ ತಿದ್ದಬೇಕು. ಕೊಳಲು ಶ್ರುತಿಗೆ ಸಲ್ಲದ ವಾದ್ಯವೆಂದು ಆಗಿನ ದೊಡ್ಡವರು ಅನೇಕರು ಬಗೆದಿದ್ದುದಕ್ಕೆ ಇದೇ ಕಾರಣ. ಆ ಅಪವಾದವನ್ನು ಕಳೆಯುವುದೇ ಕ್ವಾಂಟ್ಸನ ಬಾಳಿನ ಕೆಲಸವಾಯಿತು.

ಕಲಿಯುವ ಹಸಿವು ಅವನಲ್ಲಿ ಎಷ್ಟಿದ್ದಿತೆಂಬುದಕ್ಕೆ ೧೭೨೩ರ ಒಂದು ಪ್ರಸಂಗ ಸಾಕ್ಷಿ. ಆ ವರ್ಷ ಆರನೆಯ ಚಾರ್ಲ್ಸ್ ಚಕ್ರವರ್ತಿಗೆ ಪ್ರಾಗ್ ನಗರದಲ್ಲಿ ಬೊಹೀಮಿಯದ ಪಟ್ಟಾಭಿಷೇಕ ನಡೆಯಿತು. ಆ ಉತ್ಸವದಲ್ಲಿ ಫುಕ್ಸ್ ಎಂಬ ಆಸ್ಥಾನ ಸಂಗೀತಗಾರನ ದೊಡ್ಡ ಸಂಗೀತನಾಟಕವೊಂದನ್ನು ಬಯಲಿನಲ್ಲಿ ಆಡಿಸಿದರು. ನೂರು ಮಂದಿ ಗಾಯಕರು, ಇನ್ನೂರು ಮಂದಿ ವಾದಕರು ಸೇರಿದ್ದರೆಂದು ಕ್ವಾಂಟ್ಸನು ಹೇಳುತ್ತಾನೆ. ಅದನ್ನು ಕೇಳಲೆಂದು ಅವನೂ, ಲ್ಯೂಟ್ ವಾದಕ ವೈಸನೂ, ಗ್ರೌನ್ ಎಂಬ ಗೆಳೆಯನೂ ಡ್ರೆಸ್ಡನ್ನಿನಿಂದ ಪ್ರಾಗಿಗೆ ಹೋದರು. ಸಂಗೀತವನ್ನು ಚೆನ್ನಾಗಿ ಕೇಳಬೇಕಾದರೆ ವಾದ್ಯವೃಂದದೊಳಗೇ ಕುಳಿತುಬಿಡುವುದು ಮೇಲೆಂದು ಬಗೆದು ಮೂವರೂ ಹಿಂದಿನ ಸಾಲಿನ ವಾದಕರಾಗಿ ಸೇರಿಕೊಂಡರು. ಕ್ವಾಂಟ್ಸನು ಓಬೋ ಊದಿದನು. ಮುಂದೆ ಅರಸನೆದುರು ಒಬ್ಬನೇ ನಿಂತು ನುಡಿಸಿದವನು ಈ ಹಿಂದಿನ ಸಾಲನ್ನು ಎಂದೂ ಮರೆಯಲಿಲ್ಲ. ಅವನ ಗ್ರಂಥದಲ್ಲಿ ಅದರ ಗುರುತು ನಮಗೆ ಸಿಕ್ಕುವುದು.

೧೭೨೪ರಲ್ಲಿ ಅವನಿಗೆ ಇಟಲಿಯ ಯಾತ್ರೆ ಕೈಗೂಡಿತು. ರೋಮಿನಲ್ಲಿ ಗಾಸ್ಪರೀನಿ ಎಂಬ ವೃದ್ಧ ಗುರುವಿನಲ್ಲಿ ರಚನಾಶಾಸ್ತ್ರವನ್ನು ಅಭ್ಯಾಸ ಮಾಡಿ, ಮುಂದಿನ ವರ್ಷ ನೇಪಲ್ಸಿಗೆ ಹೋದನು. ಅಲ್ಲಿ ಅಲೆಸ್ಸಾಂಡ್ರೊ ಸ್ಕಾರ್ಲಾಟಿಯೆಂಬ ಹಿರಿಯ ವಿದ್ವಾಂಸನಿದ್ದನು. ಗೆಳೆಯನಾದ ಹಾಸ್ಸೆಯು ಈ ಜರ್ಮನ್ ಕೊಳಲುಗಾರನನ್ನು ಅವನ ಬಳಿಗೆ ಕರೆದೊಯ್ಯಲು ಅಪ್ಪಣೆ ಬೇಡಿದಾಗ, ಊದುವ ವಾದ್ಯಗಳೆಲ್ಲ ಅಪಶ್ರುತಿಯವು, ಅವನ್ನು ಕೇಳಲು ತನಗೆ ಇಷ್ಟವಿಲ್ಲವೆಂದು ಆ ವೃದ್ಧನು ಹೇಳಿದನಂತೆ. ಹಾಸ್ಸೆ ಬಿಡಲಿಲ್ಲ. ಕೊನೆಗೆ ಕ್ವಾಂಟ್ಸನು ಹೋಗಿ ನುಡಿಸಿದನು. ಸ್ಕಾರ್ಲಾಟಿಯೇ ಹಾರ್ಪ್ಸಿಕಾರ್ಡಿನಲ್ಲಿ ಒತ್ತಾಸೆ ಕೊಟ್ಟನು. ಕೇಳಿದ ಮೇಲೆ ವೃದ್ಧನ ಮನಸ್ಸು ತಿರುಗಿ, ಅವನು ಕೊಳಲಿಗಾಗಿ ಎರಡು ಕೃತಿಗಳನ್ನು ಬರೆದುಕೊಟ್ಟನು. ವಾದವಿವಾದದಿಂದ ಗೆಲ್ಲಲಾಗದುದನ್ನು ಒಂದು ಶ್ರುತಿಶುದ್ಧವಾದ ಉಸಿರು ಗೆದ್ದಿತು.

ಅಲ್ಲಿಂದ ಅವನು ಪ್ಯಾರಿಸಿಗೆ ಬಂದನು. ೧೭೨೬ರಲ್ಲಿ ತನ್ನ ಕೊಳಲಿಗೆ ಎರಡನೆಯ ಲೋಹದ ಮುಚ್ಚಳವೊಂದನ್ನು ಮಾಡಿಸಿದನು. ಅದರ ಪ್ರಯೋಜನವನ್ನು ನಮ್ಮ ಕೇಳುಗರು ಬೇಗನೆ ಗ್ರಹಿಸಬಲ್ಲರು. ಪಿಯಾನೋವಿನಲ್ಲಿ ಒಂದೇ ಕರಿಯ ಕಟ್ಟೆ ಎರಡು ಹೆಸರಿನ ಸ್ವರಗಳಿಗೆ ಸಲ್ಲುತ್ತದೆ. ಆದರೆ ಸೂಕ್ಷ್ಮವಾದ ಕಿವಿಗೆ ಕೆಳಗಿನ ಸ್ವರವನ್ನು ಏರಿಸಿ ಪಡೆದುದೂ ಮೇಲಿನ ಸ್ವರವನ್ನು ಇಳಿಸಿ ಪಡೆದುದೂ ಒಂದೇ ಅಲ್ಲ. ಅವುಗಳ ನಡುವೆ ಕೂದಲೆಳೆಯ ಅಂತರವಿದೆ. ಆ ಅಂತರವನ್ನು ಕೊಳಲಿನಲ್ಲಿ ತೋರಿಸಲೆಂದೇ ಅವನು ಎರಡು ಮುಚ್ಚಳಗಳನ್ನು ಇಟ್ಟನು. ಶ್ರುತಿಭೇದಗಳನ್ನು ಎಣಿಸಿದ ನಾಡಿನವರಾದ ನಮಗೆ ಈ ಹಟ ವಿಚಿತ್ರವಾಗಿ ತೋರದು. ಯೂರೋಪಿನ ಇತರ ಕೊಳಲುಗಾರರಿಗೆ ಮಾತ್ರ ಅದು ಬೇಡದ ತೊಡಕಾಗಿ ಕಂಡಿತು. ಅವನ ಬಳಗವನ್ನು ಬಿಟ್ಟು ಹೊರಗೆ ಅದು ಹೆಚ್ಚಾಗಿ ಹಬ್ಬಲಿಲ್ಲ.

೧೭೨೭ರಲ್ಲಿ ಲಂಡನ್ ನಗರದಲ್ಲಿದ್ದಾಗ, ಇಲ್ಲಿಯೇ ನಿಂತುಬಿಡು ಎಂದು ಹ್ಯಾಂಡಲನು ಅವನಿಗೆ ಹೇಳಿದನು. ಲಂಡನ್ನಿನಲ್ಲಿ ಹಣ ಕೊಟ್ಟು ಸಂಗೀತ ಕೇಳುವ ನಾಗರಿಕರಿದ್ದರು; ಒಬ್ಬ ದೊರೆಯನ್ನೇ ನೆಚ್ಚಿಕೊಳ್ಳದೆ ವಾದಕನೊಬ್ಬನು ಬಾಳಬಹುದಾಗಿದ್ದಿತು. ತನ್ನ ಒಡೆಯನ ಋಣ ಇನ್ನೂ ತೀರಿಲ್ಲವೆಂದು ಬಗೆದು ಕ್ವಾಂಟ್ಸನು ಡ್ರೆಸ್ಡನ್ನಿಗೆ ಹಿಂದಿರುಗಿದನು. ಅವನ ಬಾಳಿನ ಹಾದಿ ಎರಡಾಗಿ ಒಡೆದುದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ೧೭೨೮ರಲ್ಲಿ ಅವನು ಡ್ರೆಸ್ಡನ್ನಿನ ಮುಖ್ಯ ವಾದ್ಯವೃಂದದಲ್ಲಿ ಕೊಳಲುಗಾರನಾದನು. ಓಬೋ ಊದಿದರೆ ಕೊಳಲಿಗೆ ಬೇಕಾದ ತುಟಿಯ ಹದ ಕೆಡುವುದೆಂದು ಅದನ್ನು ಪೂರ್ತಿಯಾಗಿ ತ್ಯಜಿಸಿದನು.

ಅದೇ ವರ್ಷ ಅವನು ತನ್ನ ದೊರೆಯ ಪರಿವಾರದೊಡನೆ ಬರ್ಲಿನ್ನಿಗೆ ಹೋದನು. ಪ್ರಷ್ಯದ ಯುವರಾಜ ಫ್ರೆಡರಿಕನಿಗೆ ಆಗ ೧೬ ವರ್ಷ. ಕೊಳಲನ್ನು ಕೇಳಿ ಮನಸೋತ ಯುವರಾಜನು ಶಿಷ್ಯನಾಗಲು ಬಯಸಿದನು. ವರ್ಷಕ್ಕೆ ಎರಡು ಬಾರಿ ಬಂದು ಪಾಠ ಹೇಳಲು ಕ್ವಾಂಟ್ಸನಿಗೆ ಅನುಮತಿ ದೊರೆಯಿತು. ಆದರೆ ಯುವರಾಜನ ತಂದೆ ಫ್ರೆಡರಿಕ್ ವಿಲ್ಹೆಲ್ಮನು ಸೈನ್ಯವೊಂದನ್ನೇ ಬಲ್ಲ ದೊರೆ. ಮಗನು ಕೊಳಲು ಹಿಡಿಯುವುದು ಅವನ ಕಣ್ಣಿಗೆ ಹೇಡಿತನ. ಒಮ್ಮೆ ಪಾಠ ನಡೆಯುತ್ತಿದ್ದಾಗ ದೊರೆ ಬರುವನೆಂದು ತಿಳಿದು, ಯುವರಾಜನ ಗೆಳೆಯ ಕಾಟ್ಟೆ ಎಂಬ ಅಧಿಕಾರಿಯು ಕೊಳಲುಗಳನ್ನೂ ಹಾಳೆಗಳನ್ನೂ ಎತ್ತಿಕೊಂಡು, ಗುರುವನ್ನು ಒಲೆಯ ಸೌದೆಯಿಡುವ ಗೂಡಿಗೆ ಎಳೆದುಕೊಂಡು ಹೋಗಿ ಬಚ್ಚಿಟ್ಟನೆಂದೂ, ದೊರೆಗೆ ಆಗದ ಕೆಂಪು ಅಂಗಿಯನ್ನು ತೊಟ್ಟಿದ್ದ ಕ್ವಾಂಟ್ಸನು ಅಲ್ಲಿ ನಡುಗುತ್ತ ನಿಂತಿದ್ದನೆಂದೂ ಒಂದು ಕಥೆಯುಂಟು. ಕಥೆ ನಗುವಂತಿದ್ದರೂ ಅದರ ಹಿಂದಿನ ಭಯ ನಗುವಂಥದಲ್ಲ. ೧೭೩೦ರಲ್ಲಿ ಯುವರಾಜನು ತಂದೆಯ ಕಾಟವನ್ನು ತಾಳಲಾರದೆ ದೇಶ ಬಿಟ್ಟು ಓಡಲು ಯತ್ನಿಸಿ ಸಿಕ್ಕಿಬಿದ್ದನು. ಅವನಿಗೆ ನೆರವಾದ ಕಾಟ್ಟೆಯ ತಲೆಯನ್ನು ಆ ವರ್ಷದ ನವೆಂಬರ್ ೬ರಂದು ಕ್ಯೂಸ್ಟ್ರಿನ್ ಕೋಟೆಯಲ್ಲಿ ಕಡಿಸಿದರು. ಯುವರಾಜನು ಅದೇ ಕೋಟೆಯಲ್ಲಿ ಸೆರೆಯಾಗಿದ್ದನು. ಇಂತಹ ಮನೆಯಲ್ಲಿ ಕೊಳಲಿನ ಪಾಠವೆಂಬುದು ಬರಿಯ ವಿನೋದವಾಗಿರಲಿಲ್ಲ. ತರುಣನ ಪಾಲಿಗೆ ಅದು ಉಸಿರಾಡಲು ಉಳಿದಿದ್ದ ಒಂದು ಕಿಂಡಿ. ಗುರುವನ್ನು ಅವನು ಜೀವನದುದ್ದಕ್ಕೂ ಬಿಡದಿದ್ದುದು ಇದರಿಂದ ಅರ್ಥವಾಗುತ್ತದೆ.

೧೭೩೩ರಲ್ಲಿ ಅಗಸ್ಟಸನು ತೀರಿಕೊಂಡನು. ಫ್ರೆಡರಿಕನು ಗುರುವನ್ನು ತನ್ನ ಬಳಿಗೆ ಕರೆದುಕೊಳ್ಳಬಯಸಿದನು. ಹೊಸ ಒಡೆಯನು ಕ್ವಾಂಟ್ಸನನ್ನು ಬಿಟ್ಟುಕೊಡದೆ, ಸಂಬಳವನ್ನು ೮೦೦ ಥಾಲರುಗಳಿಗೆ ಏರಿಸಿ, ಬರ್ಲಿನ್ನಿಗೆ ಹೋಗಿಬರಲು ಮಾತ್ರ ಒಪ್ಪಿದನು. ೧೭೪೦ರಲ್ಲಿ ಫ್ರೆಡರಿಕನಿಗೆ ಪಟ್ಟವಾಯಿತು. ಮರುವರ್ಷ ಅವನು ಮುಂದಿಟ್ಟ ಕರಾರನ್ನು ಕೇಳಿರಿ: ಬಾಳಿರುವವರೆಗೆ ವರ್ಷಕ್ಕೆ ೨೦೦೦ ಥಾಲರ್ ಸಂಬಳ, ಬರೆದ ಕೃತಿಗಳಿಗೆ ಬೇರೆ ಹಣ, ಮಾಡಿಕೊಟ್ಟ ಒಂದೊಂದು ಕೊಳಲಿಗೆ ೧೦೦ ಡುಕಾಟ್, ಸಂಗೀತನಾಟಕದ ವಾದ್ಯವೃಂದದಲ್ಲಿ ಕೂರಬೇಕಾಗಿಲ್ಲ, ದೊರೆಯೊಬ್ಬನ ಹೊರತು ಇನ್ನಾರ ಅಪ್ಪಣೆಗೂ ಒಳಪಡಬೇಕಾಗಿಲ್ಲ. ಇದೇ ಆಸ್ಥಾನದಲ್ಲಿ ಹಾರ್ಪ್ಸಿಕಾರ್ಡ್ ನುಡಿಸಲು ನೇಮಕವಾದ ಕಾರ್ಲ್ ಫಿಲಿಪ್ ಎಮಾನ್ಯುಯೆಲ್ ಬಾಖನಿಗೆ, ಅಂದರೆ ಮಹಾ ಬಾಖನ ಮಗನಿಗೆ, ಮೊದಲಿಗೆ ದೊರೆತ ಸಂಬಳ ೩೦೦ ಥಾಲರ್. ಬಡ್ತಿಗಾಗಿ ಓಬೋ ಬಿಟ್ಟ ಕಮ್ಮಾರನ ಮಗನು ಇದಕ್ಕಿಂತ ಹೆಚ್ಚಿನದನ್ನು ಯಾವ ಕನಸಿನಲ್ಲಿ ಕಂಡಾನು? ೧೭೪೧ರ ಕೊನೆಯಲ್ಲಿ ಅವನು ಬರ್ಲಿನ್ನಿಗೆ ಬಂದು ನೆಲಸಿದನು.

ಅಂದಿನಿಂದ ಅವನ ದಿನಚರಿ ನಿಶ್ಚಿತವಾಯಿತು. ದೊರೆ ಯುದ್ಧರಂಗದಲ್ಲಿಲ್ಲದ ಸಂಜೆಗಳಲ್ಲಿ ಅರಮನೆಯೊಳಗೆ ಖಾಸಗಿ ಕಚೇರಿ. ೧೭೪೭ರಲ್ಲಿ ಪಾಟ್ಸ್‌ಡಾಮಿನ ಸಾಂಸುಸಿ ಅರಮನೆ ಸಿದ್ಧವಾದ ಮೇಲೆ ಅಲ್ಲಿನ ಸಂಗೀತಶಾಲೆಯಲ್ಲಿ ದೊರೆಯೇ ಕೊಳಲು ಹಿಡಿದು ನಿಲ್ಲುವನು. ಕೆಲವೇ ವಾದಕರು ಒತ್ತಾಸೆ ಕೊಡುವರು. ಗುರುವು ಪ್ರತಿ ಭಾಗದ ಆರಂಭದಲ್ಲಿ ಕೈಯಾಡಿಸಿ ಕಾಲವನ್ನು ಗೊತ್ತುಮಾಡುವನು. ದೊರೆ ನುಡಿಸಿದುದು ಚೆನ್ನಾಗಿದ್ದರೆ ಭಲೆ ಎನ್ನುವ ಅಧಿಕಾರ ಇದ್ದುದು ಕ್ವಾಂಟ್ಸನಿಗೆ ಮಾತ್ರ. ಯುದ್ಧಗಳಲ್ಲಿ ಯೂರೋಪನ್ನು ನಡುಗಿಸಿದ ದೊರೆಯು ತನ್ನ ಗುರುವಿನ ಬಾಯಿಂದ ಆ ಒಂದು ಮಾತು ಬರುವುದೋ ಇಲ್ಲವೋ ಎಂದು ಕಾದಿರುತ್ತಿದ್ದನು. ಕಲೆಗೆ ದೊರೆತ ಗೌರವದಲ್ಲಿ ಇದು ಸಣ್ಣದಲ್ಲ.

ಆದರೆ ಈ ಭಾಗ್ಯಕ್ಕೆ ಒಂದು ಬೆಲೆಯಿದ್ದಿತು. ಕ್ವಾಂಟ್ಸನು ಕೊಳಲಿಗಾಗಿ ಸುಮಾರು ೩೦೦ ಕನ್ಚೆರ್ಟೊಗಳನ್ನು, ಅಂದರೆ ಒಬ್ಬ ವಾದಕನು ವಾದ್ಯವೃಂದದೊಡನೆ ನುಡಿಸುವ ದೊಡ್ಡ ಕೃತಿಗಳನ್ನು, ರಚಿಸಿದನು. ಸೊನಾಟಗಳ ಸಂಖ್ಯೆಯೂ ೨೦೦ರ ಹತ್ತಿರ ಹೋಗುತ್ತದೆ. ಇವುಗಳಲ್ಲಿ ಬಹುಪಾಲು ಒಬ್ಬನೇ ಒಬ್ಬ ವಾದಕನಿಗಾಗಿ ಬರೆದುವು. ಆ ವಾದಕನು ದೊರೆ. ಅವನ ಕಾಲದಲ್ಲಿ ಅಚ್ಚಾದವು ಕೆಲವೇ ಕೆಲವು. ಉಳಿದುವು ಅರಮನೆಯ ಕಪಾಟುಗಳಲ್ಲಿ ಹಸ್ತಪ್ರತಿಗಳಾಗಿ ನಿಂತುವು. ಅವನ್ನು ಊರಿನವರು ಕೇಳಲಿಲ್ಲ, ಇತರ ಕೊಳಲುಗಾರರು ನುಡಿಸಿ ತಿದ್ದಲಿಲ್ಲ, ಎದುರಾಳಿಗಳು ಟೀಕಿಸಲಿಲ್ಲ. ದೊರೆಗೆ ಮೆಚ್ಚಿಗೆಯಾದ ಅಚ್ಚೊಂದು ಸಿದ್ಧವಾದ ಮೇಲೆ ಅದನ್ನು ಮುರಿಯಬೇಕಾದ ಕಾರಣವೇ ಇರಲಿಲ್ಲ. ಎಮಾನ್ಯುಯೆಲ್ ಬಾಖನು ಇದರಲ್ಲಿ ಬೇಸತ್ತು ೧೭೬೮ರಲ್ಲಿ ಹ್ಯಾಂಬುರ್ಗ್ ನಗರಕ್ಕೆ ಹೊರಟುಹೋದನು. ಕ್ವಾಂಟ್ಸನು ನಿಂತನು.

೧೭೭೨ರಲ್ಲಿ ಇಂಗ್ಲೆಂಡಿನ ಸಂಗೀತ ಚರಿತ್ರಕಾರ ಚಾರ್ಲ್ಸ್ ಬರ್ನಿ ಪಾಟ್ಸ್‌ಡಾಮಿಗೆ ಬಂದು ಆ ಸಂಜೆಯ ಕಚೇರಿಯನ್ನು ಕೇಳಿದನು. ದೊರೆಯ ವಾದನವನ್ನು ಅವನು ಮನಸಾರೆ ಮೆಚ್ಚಿದನು. ಆದರೆ ಗುರುವಿನ ಅಭಿರುಚಿಯು ನಲವತ್ತು ವರ್ಷ ಹಿಂದಿನದೆಂದು ಗುರುತಿಸಲು ತಪ್ಪಲಿಲ್ಲ. ಆ ವರ್ಷ ಹೈಡನ್ನನಿಗೆ ೪೦ ವರ್ಷ. ಮೋಟ್ಸಾರ್ಟನು ೧೬ರ ಹುಡುಗ. ಹೊರಗೆ ಸಂಗೀತದ ಪ್ರಪಂಚವೇ ಬದಲಾಗಿದ್ದಿತು. ಸಾಂಸುಸಿಯ ಬಾಗಿಲೊಳಗೆ ಮಾತ್ರ ಗಡಿಯಾರ ನಿಂತಿದ್ದಿತು. ಮರುವರ್ಷ, ೧೭೭೩ರ ಜುಲೈ ೧೨ರಂದು, ಕ್ವಾಂಟ್ಸನು ಪಾಟ್ಸ್‌ಡಾಮಿನಲ್ಲಿ ಕಣ್ಣು ಮುಚ್ಚಿದನು. ಅವನು ಅರ್ಧಕ್ಕೆ ಬಿಟ್ಟ ಕೊನೆಯ ಕೃತಿಯನ್ನು ಶಿಷ್ಯನಾದ ದೊರೆಯೇ ಬರೆದು ಮುಗಿಸಿದನೆಂದು ಪ್ರತೀತಿಯಿದೆ.

ಇಷ್ಟರಿಂದ ಅವನ ಬಾಳು ಚಿನ್ನದ ಪಂಜರದಲ್ಲಿ ವ್ಯರ್ಥವಾಯಿತೆಂದು ತೀರ್ಮಾನಿಸುವುದು ಆತುರವಾದೀತು. ಅದೇ ಆಶ್ರಯದ ನೆಮ್ಮದಿಯಲ್ಲಿ ಅವನು ಇನ್ನೊಂದು ಕೆಲಸವನ್ನು ಮಾಡಿದನು. ೧೭೫೨ರಲ್ಲಿ ಬರ್ಲಿನ್ನಿನಲ್ಲಿ ಅವನ ಗ್ರಂಥವೊಂದು ಅಚ್ಚಾಯಿತು. ಹೆಸರು ನೋಡಿದರೆ ಅಡ್ಡಕೊಳಲನ್ನು ನುಡಿಸುವ ಕ್ರಮವನ್ನು ಕಲಿಸುವ ಪುಸ್ತಕ. ತೆರೆದು ನೋಡಿದರೆ ೧೮ ಅಧ್ಯಾಯಗಳಲ್ಲಿ ಕೊಳಲಿಗೆ ಸಂಬಂಧಿಸಿದುದು ಒಂದು ಭಾಗ ಮಾತ್ರ. ಉಸಿರು, ತುಟಿ, ನಾಲಗೆಗಳ ಪಾಠವಾದ ಮೇಲೆ ಗ್ರಂಥವು ಸಂಗೀತಗಾರನಾಗುವವನಿಗೆ ಬೇಕಾದುದೆಲ್ಲದರ ಕಡೆಗೆ ತಿರುಗುತ್ತದೆ. ಕೃತಿಯ ಕಾಲಪ್ರಮಾಣವನ್ನು ಗೊತ್ತುಮಾಡಲು ಯಂತ್ರವಿಲ್ಲದ ಆ ದಿನಗಳಲ್ಲಿ, ಆರೋಗ್ಯವಂತನ ನಾಡಿಯನ್ನು ನಿಮಿಷಕ್ಕೆ ಸುಮಾರು ೮೦ ಬಡಿತವೆಂದು ಹಿಡಿದು ಅದರಿಂದ ಲಯವನ್ನು ಅಳೆಯುವ ಉಪಾಯವನ್ನು ಅವನು ಹೇಳಿಕೊಟ್ಟನು. ಕೊನೆಯ ಅಧ್ಯಾಯವು ಸಂಗೀತವನ್ನೂ ಸಂಗೀತಗಾರನನ್ನೂ ಹೇಗೆ ವಿಮರ್ಶಿಸಬೇಕೆಂಬುದನ್ನು ಕೇಳುಗರಿಗೆ ತಿಳಿಸುತ್ತದೆ.

ಎಲ್ಲಕ್ಕಿಂತ ದೀರ್ಘವಾದುದು ೧೭ನೆಯ ಅಧ್ಯಾಯ. ಅದು ಒತ್ತಾಸೆಯ ವಾದಕರ ಕರ್ತವ್ಯಗಳನ್ನು ಕುರಿತುದು. ನಾಲ್ಕು ಪಿಟೀಲುಗಳಿದ್ದರೆ ವಿಯೋಲ ಎಷ್ಟು, ಸೆಲ್ಲೊ ಎಷ್ಟು. ಮುಂದಾಳು ಎಲ್ಲಿ ನಿಲ್ಲಬೇಕು. ಹಿಂದಿನವರು ಮುಂದಿನವನ ಮನೋಧರ್ಮವನ್ನು ಹೇಗೆ ಅರಿತು ಅನುಸರಿಸಬೇಕು. ತನ್ನ ಜಾಣ್ಮೆಯನ್ನು ಮೆರೆಸಲು ಹೋಗಿ ಒಟ್ಟಿನ ನಾದವನ್ನು ಕೆಡಿಸಬಾರದೇಕೆ. ಇವನ್ನೆಲ್ಲ ಆ ಗ್ರಂಥ ತಾಳ್ಮೆಯಿಂದ ವಿವರಿಸುತ್ತದೆ. ವಾದ್ಯವೃಂದದಲ್ಲಿ ಕೂರಬೇಕಾಗಿಲ್ಲವೆಂಬ ಕರಾರನ್ನು ಪಡೆದ ವಾದಕನು, ಹತ್ತು ವರ್ಷಗಳಾದ ಮೇಲೆ, ವಾದ್ಯವೃಂದದ ಹಿಂದಿನ ಸಾಲಿನವನಿಗಾಗಿ ತನ್ನ ಗ್ರಂಥದ ಅತಿ ದೊಡ್ಡ ಅಧ್ಯಾಯವನ್ನು ಬರೆದನು. ಮೆರ್ಸೆಬುರ್ಗಿನ ಮದುವೆಮನೆಗಳೂ ಪ್ರಾಗಿನ ಬಯಲೂ ಡ್ರೆಸ್ಡನ್ನಿನ ಅಭ್ಯಾಸಗಳೂ ಇಲ್ಲದಿದ್ದರೆ ಅದು ಬರುತ್ತಿರಲಿಲ್ಲ. ಅರಮನೆಯ ಬಿಡುವಿಲ್ಲದಿದ್ದರೂ ಪ್ರಾಯಶಃ ಬರುತ್ತಿರಲಿಲ್ಲ.

ಗ್ರಂಥವು ಅದೇ ವರ್ಷ ಫ್ರೆಂಚಿನಲ್ಲಿಯೂ ಹೊರಬಂದಿತು. ೧೯೬೬ರಲ್ಲಿ ಎಡ್ವರ್ಡ್ ರೈಲಿಯೆಂಬ ವಿದ್ವಾಂಸನು ಅದನ್ನು ಇಂಗ್ಲಿಷಿಗೆ ತಂದನು. ಹದಿನೆಂಟನೆಯ ಶತಮಾನದ ಕೃತಿಗಳನ್ನು ಅವುಗಳ ಕಾಲದ ರೀತಿಯಲ್ಲಿಯೇ ನುಡಿಸಬೇಕೆಂಬ ವಾದಕರು, ಕೊಳಲಿನವರಷ್ಟೇ ಅಲ್ಲ, ಪಿಟೀಲಿನವರೂ ಹಾರ್ಪ್ಸಿಕಾರ್ಡಿನವರೂ ಅದನ್ನು ಕೈಯಲ್ಲಿ ಹಿಡಿದು ಕುಳಿತರು. ಅದರ ಬೆಳಕಿನಲ್ಲಿಯೇ ಅರಮನೆಯ ಕಪಾಟಿನ ಕನ್ಚೆರ್ಟೊಗಳಲ್ಲಿ ಕೆಲವು ಹೊರಬಂದು ಮತ್ತೆ ನಾದವಾದುವು.

ದೊರೆಯೊಬ್ಬನ ಕಿವಿಗಾಗಿ ಬರೆದುದು ಆ ದೊರೆಯ ಅರಮನೆಯಲ್ಲಿಯೇ ನಿಂತಿತು. ಹೆಸರು ತಿಳಿಯದ ಶಿಷ್ಯನಿಗಾಗಿ ಬರೆದುದು ಗಡಿಗಳನ್ನು ದಾಟಿತು. ಆಶ್ರಯವು ಕೊಟ್ಟುದು ಬಿಡುವನ್ನು, ಬಯಸಿದುದು ಮೆಚ್ಚಿಗೆಯಾದುದರ ಪುನರಾವೃತ್ತಿಯನ್ನು. ಕ್ವಾಂಟ್ಸನು ಎರಡನ್ನೂ ಸಲ್ಲಿಸಿದನು. ಆದರೆ ಬಿಡುವಿನ ಒಂದು ಪಾಲನ್ನು ತನ್ನ ಕಸಬಿನವರಿಗೆಂದು ಮೀಸಲಿಟ್ಟನು. ಅವನ ಹೆಸರನ್ನು ನಾವು ಇಂದು ಉಚ್ಚರಿಸುತ್ತಿರುವುದು ಆ ಮೀಸಲಿನ ಫಲ.